ಕರೆಂಟಿನ ಬೇಲಿ: ಎಕರೆಗೆ ಎಷ್ಟು ಬಿದ್ದೀತು?

ಸದಸ್ಯ ಬಂಧುಗಳು ಸಂಘದ ಕಚೇರಿಯ ಮೆಟ್ಟಿಲು ಹತ್ತಿ ಬಂದಾಗ ಮೊದಲು ಕೇಳುವುದು ಅಡಿಕೆಯ ಧಾರಣೆ. ಅದು ಸಹಜವೇ. ಆದರೆ ಒಂದೆರಡು ವರ್ಷಗಳಿಂದ ಎರಡನೆಯ ಪ್ರಶ್ನೆಯೊಂದು ಖಾಯಂ ಆಗಿಬಿಟ್ಟಿದೆ: "ಕರೆಂಟಿನ ಬೇಲಿಗೆ ಎಕರೆಗೆ ಎಷ್ಟು ಬೀಳ್ತದೆ?" ಬಿಟ್ಟ ದನ, ಮೇಕೆ, ಇವುಗಳ ಮೇಲೆ ಕಾಡುಹಂದಿ, ಮೂರೂ ಸೇರಿ ಹೊಸದಾಗಿ ನೆಟ್ಟ ಅಡಿಕೆ ಸಸಿಯನ್ನೂ ನಡುವಿನ ಬಾಳೆಯನ್ನೂ ಉಳಿಯಗೊಡದ ತೋಟಗಳು ನಮ್ಮ ಕಾರ್ಯಕ್ಷೇತ್ರದಲ್ಲಿ ಕಡಿಮೆಯಿಲ್ಲ. ಕಾಫಿಯನ್ನು ದನ ಅಷ್ಟಾಗಿ ಮೇಯುವುದಿಲ್ಲವೆಂಬುದು ನಿಜ. ಆದರೆ ಎರಡು ವರ್ಷದ ಗಿಡದ ನಡುವೆ ನಾಲ್ಕು ಎಮ್ಮೆ ಹಾದುಹೋದರೆ ಉಳಿಯುವುದೇನೆಂದು ಕಂಡವರಿಗೆ ಗೊತ್ತು.

ಈ ಪ್ರಶ್ನೆಗೆ ನಾವು ಕೊಡುವ ಮೊದಲ ಉತ್ತರ, ಎಕರೆಗೆ ಇಷ್ಟು ಎಂದು ಬಾಯಿಮಾತಿನಲ್ಲಿ ಹೇಳುವವರನ್ನು ನಂಬಬೇಡಿ ಎಂಬುದು. ಬೇಲಿ ಎಕರೆಯ ಲೆಕ್ಕಕ್ಕೆ ಬರುವ ಬಾಬತ್ತಲ್ಲ. ಅದು ಸುತ್ತಳತೆಯ ಲೆಕ್ಕ. ಈ ಒಂದು ವ್ಯತ್ಯಾಸವನ್ನು ತಿಳಿಯದೆ ಹಣ ಕೂಡಿಸಹೊರಟವರು ಅರ್ಧ ಬೇಲಿಗೇ ಕೈ ಖಾಲಿ ಮಾಡಿಕೊಂಡದ್ದನ್ನು ಕಂಡಿದ್ದೇವೆ. ಲೆಕ್ಕವನ್ನು ಮುಂದೆ ವಿವರವಾಗಿ ಕೊಟ್ಟಿದೆ. ಅದಕ್ಕೆ ಮೊದಲು ಬೆಳಗಾವಿ ಸೀಮೆಯಲ್ಲಿ ನಾವು ಕಂಡ ನಾಲ್ಕು ಮಾತು ಹೇಳಬೇಕಾಗಿದೆ.

ಸದಸ್ಯರ ತೋಟಗಳಿಗೆ ಕುರಿಗೊಬ್ಬರ ಗೊತ್ತುಮಾಡುವ ಕೆಲಸದ ಮೇಲೆ ಕಳೆದ ಬೇಸಿಗೆಯಲ್ಲಿ ನಾವು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳನ್ನು ಸುತ್ತಿ ಬಂದೆವು. ನಮ್ಮ ಅಡಿಕೆ ಬುಡಕ್ಕೆ ಬೀಳುವ ಕುರಿಗೊಬ್ಬರದ ಲಾರಿಗಳು ಹೊರಡುವುದು ಇಂಥ ಬಯಲುಸೀಮೆಯಿಂದಲೇ. ಈ ನಾಲ್ಕು ತಾಲ್ಲೂಕುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿದರೆ ಮಳೆ ಕಡಿಮೆಯಾಗುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ. ಚನ್ನಮ್ಮನ ಕಿತ್ತೂರಿನ ಸುತ್ತ ಮಲೆನಾಡಿನ ಸೆರಗು ಇನ್ನೂ ಉಳಿದಿದೆ. ಭತ್ತ, ಕಬ್ಬು, ಸೋಯಾಬೀನ್ ಕಾಣುತ್ತವೆ. ಚನ್ನಮ್ಮನ ಸಮಾಧಿಯಿರುವ ಬೈಲಹೊಂಗಲಕ್ಕೆ ಬರುವಷ್ಟರಲ್ಲಿ ಎರೆಭೂಮಿ ಬಿಚ್ಚಿಕೊಳ್ಳುತ್ತದೆ. ಸವದತ್ತಿಯಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗೆ ಇಳಿದರೂ ಕಾಲುವೆ ಮುಟ್ಟದ ಹೊಲವೂ ಬಹಳ ಇದೆ. ರಾಮದುರ್ಗವಂತೂ ಕಲ್ಲುಗುಡ್ಡಗಳ ಒಣಸೀಮೆ. ಜೋಳ, ಕಡಲೆ ಕಿತ್ತ ಮೇಲೆ ಮಾರ್ಚ್ ತಿಂಗಳಲ್ಲಿ ಅಲ್ಲಿ ನಿಂತು ನೋಡಿದರೆ ದಿಗಂತದವರೆಗೆ ಒಂದು ಬೇಲಿಯಿಲ್ಲ. ನಮ್ಮಂಥ ತೋಟಿಗರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಬದುವಿದೆ, ಬನ್ನಿ ಗಿಡವಿದೆ, ಸರ್ವೆ ಕಲ್ಲಿದೆ, ಬೇಲಿ ಮಾತ್ರ ಇಲ್ಲ.

ಇಲ್ಲದಿರುವುದಕ್ಕೆ ಕಾರಣವಿದೆ. ಸುಗ್ಗಿ ಮುಗಿದ ಹೊಲ ಅಲ್ಲಿ ಕುರಿಗೂ ದನಕ್ಕೂ ಬಯಲು. ಕುರುಬರು ಹಿಂಡು ತಂದು ರಾತ್ರಿ ಹೊಲದಲ್ಲಿ ನಿಲ್ಲಿಸುತ್ತಾರೆ. ಹೊಲದವರು ಅದಕ್ಕೆ ಹಿಂದೆ ಕಾಳು ಕೊಡುತ್ತಿದ್ದರು, ಈಗ ಹೆಚ್ಚಾಗಿ ಹಣ ಕೊಡುತ್ತಾರೆ. ಹಿಂಡು ಹೊಲದಿಂದ ಹೊಲಕ್ಕೆ ಸರಿಯುತ್ತ ಹೋದಂತೆ ಹಿಕ್ಕೆಯೂ ಗಂಜಲವೂ ಭೂಮಿಗೆ ಸೇರುತ್ತವೆ. ಗಾಡಿ ಹೇರುವ ಕೂಲಿಯಿಲ್ಲ, ಗುಂಡಿ ತೋಡುವ ಕೆಲಸವಿಲ್ಲ. ಹಟ್ಟಿಯಲ್ಲಿ ಉಳಿದು ರಾಶಿಯಾದ ಗೊಬ್ಬರವೇ ಲಾರಿ ಏರಿ ನಮ್ಮ ಕಡೆ ಬರುವುದು. ಎಂದಮೇಲೆ ನಮ್ಮ ತೋಟದ ಸಾರ ನಿಂತಿರುವುದು, ಒಂದು ಲೆಕ್ಕದಲ್ಲಿ, ಬೇಲಿಯಿಲ್ಲದ ಆ ಬಯಲಿನ ಮೇಲೆ.

ಆದರೂ ಅಲ್ಲಲ್ಲಿ ಹೊಸ ಬೇಲಿಗಳು ಏಳುತ್ತಿವೆ. ಕಾಲುವೆ ನೀರು, ಕೊಳವೆಬಾವಿ ಬಂದಲ್ಲಿ ಹೊಲ ವರ್ಷವಿಡೀ ಖಾಲಿ ಬೀಳುವುದಿಲ್ಲ. ಕಬ್ಬು, ಗೋವಿನಜೋಳ, ತರಕಾರಿ ನಿಂತಿರುವಾಗ ಬಿಟ್ಟ ದನ ಬಂದರೆ ನಷ್ಟವೇ. ಜೊತೆಗೆ ಹಂದಿಯ ಕಾಟ. ಕಬ್ಬಿನ ಗದ್ದೆ ಬೆಳೆದಲ್ಲೆಲ್ಲ ಅದು ಅಡಗಲು ಮನೆ ಮಾಡಿಕೊಳ್ಳುತ್ತದೆ. ಹೀಗಾಗಿ ಮುಳ್ಳುತಂತಿ ಹಾಕಿದವರಿದ್ದಾರೆ, ಸೌರ ಬೇಲಿ ಹಾಕಿದವರೂ ಇದ್ದಾರೆ. ಸವದತ್ತಿ ಸೀಮೆಯಲ್ಲಿ ಹಿಂಡಿನೊಡನೆ ಸಿಕ್ಕ ಹಿರಿಯ ಕುರುಬರೊಬ್ಬರು ನಮ್ಮನ್ನೇ ಕೇಳಿದರು: "ಎಲ್ಲಾರೂ ತಂತಿ ಎಳಕೊಂಡ್ರ ನಾವು ಕುರಿ ಎಲ್ಲಿ ಹೊಡಕೊಂಡು ಹೋಗೂದ್ರೀ ಸಾಹೇಬ್ರ?" ನಮ್ಮ ಬಳಿ ಉತ್ತರವಿರಲಿಲ್ಲ. ಗೊಬ್ಬರದ ದರ ಮಾತಾಡಲು ಹೋದ ನಮಗೆ ಆ ಪ್ರಶ್ನೆ ದರಕ್ಕಿಂತ ದೊಡ್ಡದಾಗಿ ಕಂಡಿತು.

ಈಗ ಬೇಲಿಯ ವಿಚಾರ. ವಿದ್ಯುತ್ ಬೇಲಿಯೆಂದರೆ ಮನೆಯ ಕರೆಂಟನ್ನು ತಂತಿಗೆ ಬಿಡುವುದಲ್ಲ. ಹಾಗೆ ಬಿಡುವುದು ಕೊಲೆಗೆ ಸಮ. ಅದನ್ನು ಮುಂದೆ ಹೇಳುತ್ತೇವೆ. ಇದರ ಮೂಲ ನ್ಯೂಜಿಲೆಂಡಿನದು. 1930ರ ದಶಕದಲ್ಲಿ ವೈಕಾಟೊ ಪ್ರಾಂತ್ಯದ ಬಿಲ್ ಗಲ್ಲಘರ್ ಎಂಬ ರೈತರ ಕುದುರೆ ಮನೆಯ ಕಾರಿಗೆ ಮೈ ಉಜ್ಜುವ ಚಟ ಬೆಳೆಸಿಕೊಂಡಿತ್ತಂತೆ. ಅದನ್ನು ಬಿಡಿಸಲು ಅವರು ಕಾರಿಗೆ ಶಾಕ್ ಕೊಡುವ ಒಂದು ಸಾಧನ ಹೂಡಿದರು. ಅದೇ ಮುಂದೆ ಬೇಲಿಯ ಯಂತ್ರವಾಯಿತು. 1962ರಲ್ಲಿ ಅದೇ ದೇಶದ ರುವಾಕುರ ಸಂಶೋಧನಾ ಕೇಂದ್ರದ ಡಗ್ ಫಿಲಿಪ್ಸ್ ಎಂಬ ವಿಜ್ಞಾನಿ, ವಿದ್ಯುತ್ತನ್ನು ಕೆಪ್ಯಾಸಿಟರಿನಲ್ಲಿ ಕೂಡಿಟ್ಟು ಒಂದೇ ಏಟಿಗೆ ತಂತಿಗೆ ಬಿಡುವ ಕ್ರಮವನ್ನು ರೂಪಿಸಿದ ಮೇಲೆ, ಹುಲ್ಲು ತಾಗಿದರೂ ಮೈಲುಗಟ್ಟಲೆ ಕೆಲಸಮಾಡುವ ಬೇಲಿ ಸಾಧ್ಯವಾಯಿತು. ನಮ್ಮ ರಾಜ್ಯದ ಕಾಡಂಚಿನಲ್ಲಿ ಇದಕ್ಕೆ ಐಬೆಕ್ಸ್ ಬೇಲಿ ಎಂದು, ಒಂದು ಕಂಪನಿಯ ಹೆಸರೇ ಬೇಲಿಯ ಹೆಸರಾಗಿ ನಿಂತದ್ದು ಎಲ್ಲರಿಗೂ ತಿಳಿದದ್ದೇ.

ಈ ಯಂತ್ರಕ್ಕೆ ಎನರ್ಜೈಸರ್ ಎನ್ನುತ್ತಾರೆ. ಅದು ಸುಮಾರು ಒಂದು ಸೆಕೆಂಡಿಗೆ ಒಮ್ಮೆ 5,000ದಿಂದ 10,000 ವೋಲ್ಟಿನ ಏಟನ್ನು ತಂತಿಗೆ ಬಿಡುತ್ತದೆ. ವೋಲ್ಟ್ ಕೇಳಿ ಹೆದರಬೇಡಿ. ಆ ಏಟು ಇರುವುದು ಸೆಕೆಂಡಿನ ಸಾವಿರದೊಂದು ಪಾಲಿಗಿಂತಲೂ ಕಡಿಮೆ ಹೊತ್ತು. ಉಳಿದಷ್ಟು ಹೊತ್ತು ತಂತಿ ಸತ್ತಂತೆಯೇ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯಲು ಬಿಡುವು ಸಿಗುತ್ತದೆ. ಮನೆಯ 230 ವೋಲ್ಟಿನ ಲೈನು ಹಾಗಲ್ಲ; ಅದರಲ್ಲಿ ಬಿಡುವಿಲ್ಲ, ಸ್ನಾಯು ಸೆಟೆದು ಹಿಡಿದ ಕೈ ಬಿಡಲಾಗುವುದಿಲ್ಲ. ತಂಬಿಗೆ ನೀರನ್ನು ಮುಖಕ್ಕೆ ಎರಚುವುದಕ್ಕೂ ತುಂಬಿದ ಹೊಳೆಗೆ ನೂಕುವುದಕ್ಕೂ ಇರುವ ಅಂತರವಿದು. ಎನರ್ಜೈಸರಿಗೆ ಭಾರತೀಯ ಮಾನಕವಿದೆ: ಐ.ಎಸ್. 302, ಭಾಗ 2, ಸೆಕ್ಷನ್ 76. ಕೊಳ್ಳುವಾಗ ಬಿಲ್ಲಿನ ಮೇಲೆ ಈ ಸಂಖ್ಯೆ ಬರೆಸಿಕೊಳ್ಳಿ. ಸ್ಥಳೀಯವಾಗಿ ಕೂಡಿಸಿಕೊಟ್ಟ ಡಬ್ಬ ಅಗ್ಗವೆಂದು ಯಾರಾದರೂ ತಂದರೆ, ಅದರೊಳಗೆ ಏನಿದೆಯೆಂದು ತಂದವರಿಗೂ ಗೊತ್ತಿರುವುದಿಲ್ಲ.

ನೇರ ಲೈನಿನಿಂದ ತಂತಿಗೆ ಕರೆಂಟು ಕೊಡುವ ದುರಭ್ಯಾಸ ಬಯಲಿನಲ್ಲೂ ಇದೆ, ಮಲೆನಾಡಿನಲ್ಲೂ ಇದೆ. ಹಂದಿಗೆಂದು ಎಳೆದ ತಂತಿಗೆ ಬಿದ್ದು ಸತ್ತವರಲ್ಲಿ ಬೆಳಗಿನ ಜಾವ ನೀರು ಕಟ್ಟಲು ಹೋದ ಹೊಲದ ಒಡೆಯರೂ ಇದ್ದಾರೆ, ಅವರ ಮಕ್ಕಳೂ ಇದ್ದಾರೆ. ಆನೆಗಳ ಸಾವಿಗಂತೂ ಇದು ದೊಡ್ಡ ಕಾರಣಗಳಲ್ಲೊಂದು. ಕಾನೂನು ಇದರಲ್ಲಿ ಮೃದುವಲ್ಲ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೆಯ ಕಲಮಿನಂತೆ ಕೊಕ್ಕೆ ಹಾಕುವುದು ವಿದ್ಯುತ್ ಕಳವು, ಮೂರು ವರ್ಷದವರೆಗೆ ಶಿಕ್ಷೆ. ಮನುಷ್ಯರು ಸತ್ತರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ನರಹತ್ಯೆಯ ಪ್ರಕರಣವೇ ಆಗಬಹುದು. ಆನೆ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುತ್ತೇವೆ ಎನ್ನುವವರೇ ಹೆಚ್ಚು. ಅಪಘಾತವಾಗುವುದೂ ಆ ತೆಗೆಯುವ ಹೊತ್ತಿನಲ್ಲೇ. ಖರ್ಚಿನ ಲೆಕ್ಕದಲ್ಲಿ ಈ ದಾರಿ ಪುಕ್ಕಟೆಯೆಂದು ಕಾಣುತ್ತದೆ. ನಮ್ಮ ತಖ್ತೆಯಲ್ಲಿ ಅದಕ್ಕೆ ಜಾಗವಿಲ್ಲ.

ಲೆಕ್ಕಕ್ಕೆ ಬರೋಣ. ಒಂದು ಎಕರೆ ಚೌಕವಾಗಿದ್ದರೆ ಸುತ್ತಳತೆ ಸುಮಾರು 255 ಮೀಟರ್. ನಾಲ್ಕು ಎಕರೆ ಚೌಕಕ್ಕೆ ನಾಲ್ಕು ಪಟ್ಟು ಆಗುವುದಿಲ್ಲ, ಎರಡೇ ಪಟ್ಟು: 510 ಮೀಟರ್. ಹದಿನಾರು ಎಕರೆಗೆ 1,018 ಮೀಟರ್. ಜಾಗ ದೊಡ್ಡದಾದಂತೆ ಎಕರೆಗೆ ಬೀಳುವ ಬೇಲಿ ಕಡಿಮೆಯಾಗುತ್ತದೆ. ಆದರೆ ಚೌಕ ತೋಟ ಮಲೆನಾಡಿನಲ್ಲಿ ಎಲ್ಲಿದೆ? ನಮ್ಮದು ಎರಡು ಗುಡ್ಡದ ನಡುವಿನ ಕಣಿವೆ, ಉದ್ದಕ್ಕೆ ಹರಿದ ತೋಟ. ಅದೇ ನಾಲ್ಕು ಎಕರೆ 40 ಮೀಟರ್ ಅಗಲದ ಪಟ್ಟಿಯಾಗಿದ್ದರೆ ಸುತ್ತಳತೆ 890 ಮೀಟರ್ ಆಗುತ್ತದೆ. ಬಯಲಿನ ರೈತರ ನಾಲ್ಕು ಎಕರೆಗೂ ನಮ್ಮ ನಾಲ್ಕು ಎಕರೆಗೂ ಬೇಲಿಯಲ್ಲಿ ಮುಕ್ಕಾಲು ಪಾಲು ಹೆಚ್ಚುಕಡಿಮೆ ಬರುವುದು ಹೀಗೆ. ಆದ್ದರಿಂದ ಮೊದಲು ಹಗ್ಗವೋ ಟೇಪೋ ಹಿಡಿದು ಸುತ್ತಳತೆ ಅಳೆಯಿರಿ. ಪಹಣಿಯ ಎಕರೆ ಗುಂಟೆ ಇಲ್ಲಿ ಉಪಯೋಗಕ್ಕೆ ಬಾರದು.

ಎಷ್ಟು ತಂತಿ ಬೇಕೆಂಬುದು ಯಾವ ಪ್ರಾಣಿ ಎಂಬುದರ ಮೇಲೆ ಹೋಗುತ್ತದೆ. ದೊಡ್ಡ ದನ, ಎಮ್ಮೆಗೆ ಎರಡು ಮೂರು ತಂತಿ ಸಾಕು. ನಮ್ಮ ಮಲೆನಾಡು ಗಿಡ್ಡಕ್ಕೆ ಸಾಲದು, ಅದು ಕೆಳಗೆ ನುಸುಳುವುದನ್ನು ತಾಯಿಯ ಹೊಟ್ಟೆಯಲ್ಲೇ ಕಲಿತು ಬಂದಿರುತ್ತದೆ. ಕುರಿ, ಮೇಕೆ, ಹಂದಿಗೆ ಐದು ತಂತಿ, ಅದರಲ್ಲಿ ಮೊದಲನೆಯದು ನೆಲದಿಂದ 15 ಸೆಂಟಿಮೀಟರಿಗೆ, ಎರಡನೆಯದು 30ಕ್ಕೆ ಇರಬೇಕು. ಮೇಲಕ್ಕೆ ಹೋದಂತೆ ಅಂತರ ಹೆಚ್ಚಿಸಬಹುದು. ಕುರಿಯ ಉಣ್ಣೆಯಿಂದಾಗಿ ಮೈಗೆ ಏಟು ತಾಗುವುದಿಲ್ಲ. ಮೂಗು ಮುಟ್ಟುವ ಎತ್ತರದಲ್ಲಿ ತಂತಿಯಿದ್ದರೆ ಮಾತ್ರ ಪಾಠ ಕಲಿಯುತ್ತದೆ. ಮಂಗನಿಗೆ ಬೇಲಿ ಹಾಕಬಲ್ಲವರು ಇನ್ನೂ ಹುಟ್ಟಬೇಕು. ಮರದಿಂದ ಮರಕ್ಕೆ ಹಾರುವವನಿಗೆ ನೆಲದ ತಂತಿ ಏನು ಮಾಡೀತು?

ಇನ್ನು ನಾಲ್ಕು ಎಕರೆ ಚೌಕ, 510 ಮೀಟರ್, ಐದು ತಂತಿ ಎಂದು ಹಿಡಿದು ಅಂದಾಜು ಮಾಡೋಣ. ಇಲ್ಲಿ ಹಾಕಿರುವ ದರಗಳು ಲೆಕ್ಕದ ದಾರಿ ತೋರಿಸಲು ನಾವು ಹಿಡಿದವು. ನಿಮ್ಮ ಪೇಟೆಯ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ. 2 ಮಿಲಿಮೀಟರ್ ದಪ್ಪದ ಕಲಾಯಿ ತಂತಿ ಕಿಲೋಗೆ 40 ಮೀಟರ್ ಬರುತ್ತದೆ. ಒಟ್ಟು 2,550 ಮೀಟರಿಗೆ, ಗಂಟು, ಉಳಿಕೆ ಸೇರಿ 67 ಕಿಲೋ. ಕಿಲೋಗೆ 100 ರೂಪಾಯಿಯಂತೆ 6,700 ರೂಪಾಯಿ. ಐದು ಮೀಟರಿಗೊಂದರಂತೆ 102 ಕಲ್ಲುಕಂಬ, ಒಂದಕ್ಕೆ 300ರಂತೆ 30,600. ಕಂಬಕ್ಕೆ ಐದರಂತೆ 510 ಇನ್ಸುಲೇಟರ್, 8 ರೂಪಾಯಿಯಂತೆ 4,080. ಗುಂಡಿ ತೋಡುವುದು, ಕಂಬ ನಿಲ್ಲಿಸುವುದು, ತಂತಿ ಎಳೆಯುವುದಕ್ಕೆ 12 ಆಳು, 600 ರೂಪಾಯಿಯಂತೆ 7,200. ಇಲ್ಲಿಗೆ ಉದ್ದದ ಲೆಕ್ಕಕ್ಕೆ ಬರುವ ಬಾಬತ್ತು 48,580 ಆಯಿತು. ಉದ್ದ ಎಷ್ಟಾದರೂ ಬದಲಾಗದ ಬಾಬತ್ತು ಬೇರೆ: ಎನರ್ಜೈಸರ್ 12,000, ಬ್ಯಾಟರಿ 5,500, 75 ವಾಟಿನ ಸೌರ ಪ್ಯಾನೆಲ್ 3,000, ಅರ್ಥಿಂಗ್ ರಾಡು, ಸಿಡಿಲು ತಡೆ, ಗೇಟಿನ ಹಿಡಿ, ಕೇಬಲ್ ಎಲ್ಲ ಸೇರಿ 3,500. ಒಟ್ಟು 24,000. ಎರಡೂ ಕೂಡಿ 72,580 ರೂಪಾಯಿ, ಎಕರೆಗೆ 18,145.

ಇದೇ ದರದಲ್ಲಿ ಒಂದೇ ಎಕರೆಯವರಿಗೆ 48,290 ಬೀಳುತ್ತದೆ. ಯಂತ್ರದ ಬೆಲೆ ಒಂದು ಎಕರೆಗೂ ನಾಲ್ಕು ಎಕರೆಗೂ ಅಷ್ಟೇ ತಾನೆ. ಕಣಿವೆಯ ಪಟ್ಟಿ ತೋಟದವರಿಗೆ ನಾಲ್ಕು ಎಕರೆಗೆ 1,08,000 ದಾಟುತ್ತದೆ. ಎಕರೆಗೆ ಎಷ್ಟು ಎಂಬ ಪ್ರಶ್ನೆಗೆ ಒಂದೇ ದರದಲ್ಲಿ 18,000, 27,000, 48,000 ಎಂಬ ಮೂರು ಉತ್ತರ ಬಂದದ್ದನ್ನು ಗಮನಿಸಿ.

ಹಣ ಉಳಿಸುವವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ತಂತಿಗೆ. ಐದರ ಬದಲು ಮೂರು ಎಳೆದರೆ ಉಳಿಯುವುದು, ಇನ್ಸುಲೇಟರೂ ಸೇರಿ, 4,300 ರೂಪಾಯಿ ಮಾತ್ರ. ಆ ಎರಡು ತಂತಿಯ ಸಂದಿಯಲ್ಲಿ ಹಂದಿ ಬಂದು ಒಂದೇ ರಾತ್ರಿಯಲ್ಲಿ ಅದನ್ನು ವಸೂಲು ಮಾಡಿಕೊಂಡು ಹೋಗುತ್ತದೆ. ದುಡ್ಡು ಕುಳಿತಿರುವುದು ಕಂಬದಲ್ಲಿ. ಮುಳ್ಳುತಂತಿಯ ಬೇಲಿಗೆ ದನ ಮೈ ಒರಗಿಸಿ ನೂಕುತ್ತದೆ, ಅದಕ್ಕೆ ಪ್ರತಿ ಕಂಬವೂ ಗಟ್ಟಿಯಿರಬೇಕು. ವಿದ್ಯುತ್ ಬೇಲಿಯನ್ನು ಯಾವ ಪ್ರಾಣಿಯೂ ನೂಕುವುದಿಲ್ಲ, ಒಮ್ಮೆ ಮುಟ್ಟಿದ್ದು ಮತ್ತೆ ಹತ್ತಿರ ಬರುವುದಿಲ್ಲ. ಇಲ್ಲಿ ತಂತಿಯ ಬಿಗಿಯೆಲ್ಲ ಮೂಲೆಕಂಬಗಳ ಮೇಲೆ. ಮೂಲೆ, ತಿರುವು, ಗೇಟಿಗೆ 8 ಕಲ್ಲುಕಂಬ ಊತಾನ ಕೊಟ್ಟು ನಿಲ್ಲಿಸಿ, ನಡುವೆ ಸ್ವಂತ ತೋಟದ ಸಿಲ್ವರ್ ಓಕ್ ಕೊಂಬೆಯನ್ನೋ ಗಾಳಿ ಗೂಟವನ್ನೋ ಬುಡಕ್ಕೆ ಟಾರು ಬಳಿದು ಹೂಳಬಹುದು. ಕಡಿಯುವ, ಬಳಿಯುವ ಖರ್ಚು ಗೂಟಕ್ಕೆ 60ರಂತೆ ಹಿಡಿದರೂ ಕಂಬದ ಬಾಬತ್ತು 30,600ರಿಂದ 8,040ಕ್ಕೆ ಇಳಿಯುತ್ತದೆ, ಒಟ್ಟು ಬೇಲಿ 50,020ಕ್ಕೆ ಬರುತ್ತದೆ. ಮರದ ಗೂಟ ನಾಲ್ಕೈದು ವರ್ಷಕ್ಕೆ ಗೆದ್ದಲು ತಿಂದೀತೆಂದು ಹೇಳುವವರಿದ್ದಾರೆ. ತಿನ್ನಲಿ. ಅಡಿಕೆ ಸಸಿಯ ಸೋಗೆ ದನದ ಬಾಯಿಗೆ ನಿಲುಕದಷ್ಟು ಎತ್ತರವಾಗಲು ಬೇಕಾದ ಕಾಲವೂ ಸುಮಾರು ಅಷ್ಟೇ. ದನದ ಸಲುವಾಗಿ ಹಾಕುವ ಬೇಲಿಗೆ ನೂರು ವರ್ಷದ ಕಂಬ ಏಕೆ? ಹಂದಿಯ ಕಾಟವಿರುವವರು ಮಾತ್ರ ಶಾಶ್ವತದ ಮಾತಾಡಬೇಕು.

ಹಳೆಯ ಮುಳ್ಳುತಂತಿ ಇದೆ, ಅದಕ್ಕೇ ಎನರ್ಜೈಸರ್ ಕೂಡಿಸಿದರಾಗದೇ ಎಂದು ಹಲವರು ಕೇಳಿದ್ದಾರೆ. ಆಗದು. ಮುಳ್ಳಿಗೆ ಚರ್ಮವೋ ಬಟ್ಟೆಯೋ ಸಿಕ್ಕಿದ ಪ್ರಾಣಿ, ಮನುಷ್ಯ ಹಿಂದೆ ಸರಿಯಲಾರದೆ ಏಟಿನ ಮೇಲೆ ಏಟು ತಿನ್ನುತ್ತಾರೆ. ಬಿಡುವು ಕೊಡುವುದೇ ಈ ಬೇಲಿಯ ಧರ್ಮ, ಮುಳ್ಳು ಆ ಬಿಡುವನ್ನೇ ಕಸಿದುಕೊಳ್ಳುತ್ತದೆ. ಸುರಕ್ಷತೆಯ ನಿಯಮಗಳಲ್ಲೂ ಇದಕ್ಕೆ ನಿಷೇಧವಿದೆ.

ಬೇಲಿ ಹಾಕಿದರೂ ದನ ನುಗ್ಗುತ್ತದೆ ಎಂಬ ದೂರುಗಳಲ್ಲಿ ಬಹುಪಾಲು ಅರ್ಥಿಂಗಿನದು. ಏಟು ಪೂರ್ತಿಯಾಗಬೇಕಾದರೆ ವಿದ್ಯುತ್ತು ತಂತಿಯಿಂದ ಪ್ರಾಣಿಯ ಮೈಗೆ, ಗೊರಸಿನಿಂದ ಮಣ್ಣಿಗೆ, ಮಣ್ಣಿನಿಂದ ಅರ್ಥಿಂಗ್ ರಾಡಿಗೆ ಬಂದು ಯಂತ್ರಕ್ಕೆ ಸೇರಬೇಕು. ಈ ದಾರಿಯಲ್ಲಿ ಎಲ್ಲಿ ಕಡಿದರೂ ತಂತಿ ಬರೀ ತಂತಿ. ಸವದತ್ತಿ, ರಾಮದುರ್ಗದ ಎರೆಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ಒಣ ಹೆಂಟೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಅಂಥಲ್ಲಿ ಒಂದು ತಂತಿ ಬಿಟ್ಟು ಒಂದನ್ನು ಅರ್ಥಿಗೆ ಕೂಡಿಸುತ್ತಾರೆ. ಪ್ರಾಣಿ ಎರಡನ್ನೂ ಒಟ್ಟಿಗೆ ಮುಟ್ಟಿದಾಗ ಮಣ್ಣಿನ ಹಂಗಿಲ್ಲದೆ ಏಟು ತಗಲುತ್ತದೆ. ಎರೆಮಣ್ಣಿನ ಇನ್ನೊಂದು ಕಾಟ, ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವಾಗ ಕಂಬಗಳು ವಾಲುತ್ತವೆ. ಹೊಳೆದಂಡೆಯವರಿಗೆ ಮತ್ತೊಂದು: 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ ಕಡೆ ನುಗ್ಗಿದಂಥ ಪ್ರವಾಹದಲ್ಲಿ ತಂತಿಗೆ ಕಸ ಕಟ್ಟಿ ಕಂಬವನ್ನೇ ಎಳೆದೊಯ್ಯುತ್ತದೆ. ಹಳ್ಳ ದಾಟುವಲ್ಲಿ ತಂತಿಯನ್ನು ಬೇರೆಯಾಗಿ, ಬೇಕಾದಾಗ ಬಿಚ್ಚುವಂತೆ ಎಳೆಯಬೇಕು. ಇದು ನಮ್ಮ ಹಳ್ಳಗಳಿಗೂ ಹೊಂದುವ ಮಾತು.

ನಮ್ಮಲ್ಲಿ ಕಾಟ ಇದಕ್ಕೆ ತಿರುಗುಮುರುಗು. ಮಣ್ಣು ಆರು ತಿಂಗಳು ಒದ್ದೆ, ಅರ್ಥಿಂಗ್ ಚೆನ್ನಾಗಿಯೇ ಸಿಗುತ್ತದೆ. ಒಂದೂವರೆ ಎರಡು ಮೀಟರ್ ಉದ್ದದ ಮೂರು ಕಲಾಯಿ ರಾಡನ್ನು ಮೂರು ಮೀಟರ್ ಅಂತರದಲ್ಲಿ ಹೊಡೆದು ಒಂದಕ್ಕೊಂದು ಕೂಡಿಸಿದರೆ ಸಾಕು. ಮನೆಯ ಮೀಟರಿನ ಅರ್ಥಿಂಗಿನಿಂದ 10 ಮೀಟರಾದರೂ ದೂರವಿರಲಿ. ಆದರೆ ಜೂನ್ ಬಂತೆಂದರೆ ಕಳೆ, ಜರೀಗಿಡ, ಬಳ್ಳಿ ತಂತಿಗೆ ಏರುತ್ತವೆ. ಒದ್ದೆ ಎಲೆ ಒಂದೊಂದೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ನೆಲಕ್ಕೆ ಇಳಿಸುತ್ತದೆ. ಐನೂರು ಮೀಟರ್ ಉದ್ದಕ್ಕೆ ಸಾವಿರ ಎಲೆ ತಾಗಿದರೆ 8,000 ವೋಲ್ಟ್ 2,000ಕ್ಕೆ ಕುಸಿಯುತ್ತದೆ, ಹಂದಿ ಹಾಡುತ್ತ ಒಳಗೆ ಬರುತ್ತದೆ. ಸೌರ ಪ್ಯಾನೆಲ್ ಕೈಕೊಡುವುದೂ ಆಗಲೇ. ಸಾಧಾರಣ ಎನರ್ಜೈಸರ್ ದಿನಕ್ಕೆ ಸುಮಾರು 10 ಆಂಪಿಯರ್ ಗಂಟೆಯಷ್ಟು ಬ್ಯಾಟರಿಯಿಂದ ಎಳೆಯುತ್ತದೆಂದು ಹಿಡಿಯಿರಿ. ಸವದತ್ತಿಯ ಬಿಸಿಲಿಗೆ 40 ವಾಟಿನ ಪ್ಯಾನೆಲ್ ಅದನ್ನು ತುಂಬಿಕೊಡುತ್ತದೆ. ನಮ್ಮ ಆಷಾಢದ ಮೋಡದಲ್ಲಿ ಅದರ ಕಾಲುಭಾಗವೂ ಬರುವ ಭರವಸೆಯಿಲ್ಲ. ಹಾಗೆಂದೇ ಮೇಲಿನ ಅಂದಾಜಿನಲ್ಲಿ 75 ವಾಟ್ ಹಿಡಿದದ್ದು. ಅದೂ ಸಾಲದ ವಾರಗಳಲ್ಲಿ ಮನೆಯ ಕರೆಂಟಿನಿಂದ ಚಾರ್ಜು ಮಾಡುವ ಏರ್ಪಾಡಿರಬೇಕು. ಮನೆ ಹತ್ತಿರವಿದ್ದು ಸದಾ ಲೈನಿನಿಂದಲೇ ನಡೆಸುವವರಿಗೆ ಖರ್ಚು ಹೆಚ್ಚಿಲ್ಲ. 10 ವಾಟಿನ ಯಂತ್ರ ತಿಂಗಳಿಗೆ 7 ಯೂನಿಟ್ ತಿನ್ನುತ್ತದೆ. ಪಂಪ್‌ಸೆಟ್ಟಿನ ಮೂರು ಫೇಸಿಗೆ ಮಾತ್ರ ಕೂಡಿಸಬೇಡಿ. ಅದು ದಿನದಲ್ಲಿ ಕೆಲವೇ ತಾಸು ಬರುವಂಥದು, ಮೇಲಾಗಿ ಆ ಪೂರೈಕೆ ಇರುವುದು ನೀರಾವರಿಗೆ.

ಈ ಕಾರಣದಿಂದ ನಿರ್ವಹಣೆಯ ಖರ್ಚನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ವರ್ಷಕ್ಕೆ ಆರು ಸಲ ತಂತಿಯ ಬುಡ ಸವರಲು ಎರಡೆರಡು ಆಳು ಎಂದರೆ 7,200 ರೂಪಾಯಿ. ಬ್ಯಾಟರಿ ಮೂರು ವರ್ಷ ಬಾಳಿದರೆ ವರ್ಷಕ್ಕೆ 1,800ರ ಮೇಲೆ. ಹೀಗೆ ವರ್ಷಕ್ಕೆ ಒಂಬತ್ತು ಸಾವಿರ. ಬೇಲಿ ಮಾರುವವರು ಇದನ್ನು ಹೇಳುವುದಿಲ್ಲ. ಇನ್ನೊಂದು ಕಡೆ, ಬೆಳೆ ಬರುವ ಕಾಲಕ್ಕೆ 60 ರಾತ್ರಿ ಕಾವಲಿಗೆ ಜನ ಇಟ್ಟರೆ ಅದೇ ಕೂಲಿ ದರದಲ್ಲಿ 36,000 ಆಗುತ್ತದೆ. ಅದೂ ಕಾವಲಿಗೆ ಜನ ಸಿಕ್ಕರೆ. ನಾಲ್ಕು ಎಕರೆಗೆ ಕಾವಲು ಇಡುತ್ತಿರುವವರು ಎರಡು ವರ್ಷದಲ್ಲಿ ಬೇಲಿಯ ಬೆಲೆ ಕೊಟ್ಟುಬಿಟ್ಟಿರುತ್ತಾರೆ. ಕಾವಲೇ ಇಡದೆ, ವರ್ಷಕ್ಕೆ ಹತ್ತಿಪ್ಪತ್ತು ಸಸಿ ಕಳೆದುಕೊಳ್ಳುತ್ತಿರುವ ಒಂದು ಎಕರೆಯವರಿಗೆ ಈ ಬೇಲಿ ಬೇಡವೆಂದೇ ನಮ್ಮ ಅಭಿಪ್ರಾಯ. ಎಲೆಚುಕ್ಕೆ ರೋಗದ ಔಷಧಿಗೇ ಸಾಲ ಮಾಡುತ್ತಿರುವ ಕಾಲದಲ್ಲಿ 48,000ವನ್ನು ತಂತಿಗೆ ಕಟ್ಟುವುದು ಬುದ್ಧಿವಂತಿಕೆಯಲ್ಲ. ಅವರು ಅಗಳು ತೋಡಿಸಿ, ಏರಿಯ ಮೇಲೆ ಗ್ಲಿರಿಸಿಡಿಯ ಸಾಲು ಒತ್ತಾಗಿ ನೆಡಲಿ. ಬೇಲಿಯೂ ಆಯಿತು, ಸೊಪ್ಪೂ ಆಯಿತು. ದನ ಯಾರದೆಂದು ಗೊತ್ತಿದ್ದರೆ ಒಂದು ಸಂಜೆ ಅವರ ಮನೆಗೆ ಹೋಗಿ ಕುಳಿತು ಮಾತಾಡುವುದು ಇನ್ನೂ ಅಗ್ಗ. ದೊಡ್ಡಿಗೆ ಅಟ್ಟುವ ಕಾನೂನು, ಬೆಳಗಾವಿ ಕಡೆಯವರ ಕೊಂಡವಾಡ, ಪುಸ್ತಕದಲ್ಲಿ ಇದ್ದೇ ಇದೆ. ಆದರೆ ಅಟ್ಟಿದ ಮೇಲೆ ನೆರೆಯವರ ಮುಖ ನೋಡಬೇಕಲ್ಲ.

ಬೇಲಿ ಬೇಕೇಬೇಕೆನ್ನುವ ಸಣ್ಣ ಹಿಡುವಳಿದಾರರಿಗೆ ಲಾಭದ ದಾರಿ ಒಂದೇ, ಕೂಡಿ ಹಾಕುವುದು. ನಾಲ್ಕು ನಾಲ್ಕು ಎಕರೆಯ ನಾಲ್ಕು ಮನೆಯವರು ಒಂದೇ ಚೌಕ ಮಾಡಿದರೆ ಉದ್ದದ ಬಾಬತ್ತು ಎರಡು ಪಟ್ಟು, 97,160. ಯಂತ್ರದ ಬಾಬತ್ತು ಅಷ್ಟೇ, 24,000. ಒಟ್ಟು 1,21,160. ಮನೆಗೆ 30,290. ಬೇರೆ ಬೇರೆ ಹಾಕಿದರೆ ಮನೆಗೆ 72,580 ಬೀಳುತ್ತಿತ್ತು. ಗೂಟದ ಉಪಾಯವನ್ನೂ ಸೇರಿಸಿದರೆ ಇನ್ನೂ ಇಳಿಯುತ್ತದೆ. ಎರಡು ಬೇರೆ ಯಂತ್ರದ ಬೇಲಿಗಳು ಅಕ್ಕಪಕ್ಕ ಬಂದರೆ ನಡುವೆ ಎರಡೂವರೆ ಮೀಟರ್ ಬಿಡಬೇಕೆಂಬ ನಿಯಮವೂ ಇದೆ. ಕೂಡಿ ಹಾಕಿದರೆ ಆ ಜಾಗವೂ ಉಳಿಯುತ್ತದೆ. ಕಷ್ಟ ಬರುವುದು ಹಣದಲ್ಲಲ್ಲ, ಸವರುವ ಕೆಲಸದಲ್ಲಿ. ಒಬ್ಬರ ಪಾಲಿನ ಐವತ್ತು ಮೀಟರಿನಲ್ಲಿ ಬಳ್ಳಿ ಏರಿದರೆ ನಾಲ್ವರ ಬೇಲಿಯೂ ಸೊರಗುತ್ತದೆ. ಆದ್ದರಿಂದ ಆಳನ್ನು ಒಟ್ಟಾಗಿ ಗೊತ್ತುಮಾಡಿ ಖರ್ಚನ್ನು ಹಂಚಿಕೊಳ್ಳುವುದೇ ಸರಿ. ಅವರವರ ಪಾಲು ಅವರವರು ಸವರುವ ಒಪ್ಪಂದ ಎರಡನೆಯ ಮಳೆಗಾಲಕ್ಕೆ ಮುರಿದುಬೀಳುತ್ತದೆ.

ದಾರಿಯ ವಿಚಾರದಲ್ಲೂ ಎಚ್ಚರ ಬೇಕು. ರೂಢಿಯ ಕಾಲುದಾರಿ, ನೀರಿಗೆ ಹೋಗುವ ದನದ ದಾರಿಗಳನ್ನು ಮುಚ್ಚಿ ತಂತಿ ಎಳೆದರೆ ವ್ಯಾಜ್ಯ ಖಂಡಿತ. ಸೊಪ್ಪಿನಬೆಟ್ಟ ಅರಣ್ಯದ ಲೆಕ್ಕದಲ್ಲಿದ್ದರೆ ಇಲಾಖೆಯನ್ನು ಕೇಳದೆ ಒಂದು ಗೂಟವನ್ನೂ ಹೊಡೆಯಬೇಡಿ. ವಿದ್ಯುತ್ ಕಂಪನಿಯ ಕಂಬವನ್ನು ಬೇಲಿಯ ಕಂಬವಾಗಿ ಬಳಸಕೂಡದು, ಲೈನಿನ ಕೆಳಗೆ ಆದಷ್ಟು ತಂತಿ ಹೋಗದಿರಲಿ. ದಾರಿಯ ಬದಿಯಲ್ಲಿ ಹಳದಿ ಫಲಕದಲ್ಲಿ ವಿದ್ಯುತ್ ಬೇಲಿ ಎಂದು ಕನ್ನಡದಲ್ಲಿ ಬರೆಸಿ ತೂಗುಹಾಕಿ. ಓದಲು ಬಾರದ ಮಕ್ಕಳಿಗೆ ಕರೆದು ತೋರಿಸಿ. ಆನೆ ಬರುವ ಹೋಬಳಿಗಳವರಿಗೆ ಈ ಲೇಖನದ ಲೆಕ್ಕ ಹೊಂದುವುದಿಲ್ಲ. ದಂತಕ್ಕೆ ಶಾಕ್ ತಗಲುವುದಿಲ್ಲವೆಂಬುದನ್ನು ಆನೆ ಬಹಳ ಬೇಗ ಕಲಿಯುತ್ತದೆ. ಮರ ಉರುಳಿಸಿ ತಂತಿ ಮಲಗಿಸುವುದನ್ನೂ ಕಲಿಯುತ್ತದೆ. ಕಾಡಂಚಿನ ರೈತರ ಸೌರ ಬೇಲಿಗೆ ಅರಣ್ಯ ಇಲಾಖೆ ಸಹಾಯಧನ ಕೊಡುತ್ತ ಬಂದಿದೆ. ಅನುದಾನ ಆಯಾ ವರ್ಷದ್ದಾದ್ದರಿಂದ ವಲಯ ಕಚೇರಿಯಲ್ಲಿ ವಿಚಾರಿಸಿ, ಮಂಜೂರಿಯ ಪತ್ರ ಕೈಗೆ ಬಂದ ಮೇಲೆಯೇ ಸಾಮಾನು ಕೊಳ್ಳಿ.

ಮತ್ತೆ ಆ ಕುರುಬರ ಪ್ರಶ್ನೆ. ಬಯಲಿನವರಿಗೆ ನಾವು ಉಪದೇಶ ಮಾಡುವ ಹಕ್ಕುದಾರರಲ್ಲ. ನಮ್ಮ ತೋಟಕ್ಕೆಲ್ಲ ಅಗಳು, ಬೇಲಿ ಹಾಕಿಕೊಂಡವರು ನಾವು. ಆದರೆ ಬೈಲಹೊಂಗಲದ ಹತ್ತಿರ ಒಬ್ಬ ಕೃಷಿಕರು ಮಾಡಿದ್ದು ನಮಗೆ ಮೆಚ್ಚುಗೆಯಾಯಿತು. ಇಡೀ ಹೊಲಕ್ಕೆ ಹಾಕದೆ ಬಾವಿಯ ಸುತ್ತಲಿನ ತರಕಾರಿಯ ಒಂದು ಎಕರೆಗೆ ಮಾತ್ರ ಎತ್ತಿ ಕಟ್ಟುವಂಥ ಬೇಲಿ ಹಾಕಿದ್ದಾರೆ. ಕಬ್ಬಿಣದ ತೆಳು ಗೂಟ, ನೂಲಿನೊಳಗೆ ತಂತಿ ಹೆಣೆದ ದಾರ, ಸಣ್ಣ ಬ್ಯಾಟರಿ ಯಂತ್ರ. ಉಳಿದ ಎರೆಹೊಲ ಸುಗ್ಗಿಯಾದ ಮೇಲೆ ಎಂದಿನಂತೆ ಕುರಿಗೆ ತೆರೆದಿದೆ. ಕುರಿ ಬರುವ ವಾರ ಬೇಲಿಯನ್ನು ಸುತ್ತಿ ಒಳಗಿಡುತ್ತಾರೆ. ನಮ್ಮಲ್ಲೂ ಹೊಸ ನೆಡುತೋಪಿನ ತುಂಡಿಗೆ ಮಾತ್ರ ಇಂಥದನ್ನು ಹಾಕಿ, ಗಿಡ ಎತ್ತರವಾದ ಮೇಲೆ ಮುಂದಿನ ತುಂಡಿಗೆ ಒಯ್ಯಬಹುದು. ಹೊರದೇಶಗಳಲ್ಲಿ ಕುರಿ ಹಿಂಡಿನ ಸುತ್ತಲೇ ಹೂಡುವ ವಿದ್ಯುತ್ ಬಲೆಗಳು 50 ಮೀಟರಿನ ಸುರುಳಿಯಲ್ಲಿ ಸಿಗುತ್ತವೆ. ತೋಳದ ಭಯವಿರುವ ನಮ್ಮ ಬಯಲಿಗೆ ಅವು ಬಂದರೆ ಹೊಲಕ್ಕೆ ಬೇಲಿ ಹಾಕುವ ಬದಲು ಹಿಂಡಿಗೇ ಬೇಲಿ ಹಾಕಿದಂತಾಗುತ್ತದೆ. ಬೆಲೆ, ಹೊರುವ ಭಾರ ಎರಡೂ ಸದ್ಯ ಕುರಿಗಾರರ ಕೈಗೆ ನಿಲುಕುವಂತಿಲ್ಲ.

ಜಂಟಿ ಬೇಲಿಗೆ ಮನಸ್ಸಿರುವ ಸದಸ್ಯರು ಗುಂಪಾಗಿ, ಸರ್ವೆ ನಂಬರಿನ ನಕ್ಷೆಯ ಪ್ರತಿ ಹಾಗೂ ಸ್ವತಃ ಅಳೆದ ಸುತ್ತಳತೆಯೊಡನೆ ಕಚೇರಿಗೆ ಬಂದರೆ ತಂತಿ, ಇನ್ಸುಲೇಟರುಗಳಿಗೆ ಒಟ್ಟಾಗಿ ದರಪಟ್ಟಿ ತರಿಸಬಹುದು. ತಂತಿಯನ್ನು ತೂಕದಲ್ಲೇ ಕೊಳ್ಳೋಣ, ಸುರುಳಿಯ ಲೆಕ್ಕದಲ್ಲಿ ಬೇಡ. ಕುರಿಗೊಬ್ಬರ ಬೇಕಾದವರು ಈ ವರ್ಷ ಹೆಸರು ಬೇಗ ಬರೆಸಲಿ. ಮಳೆ ಹಿಡಿದ ಮೇಲೆ ಎರೆದಾರಿಯಲ್ಲಿ ಲಾರಿ ಇಳಿಯುವುದಿಲ್ಲ.